ನನ್ನ ಸರದಿಯ ಹತ್ತು ಮಣಿಗಳು

ಈ ಬರಹದಲ್ಲಿ ನಿವೇದಿಸಿಕೊಳ್ಳುತ್ತಿರುವ ಸಂಗತಿಯು ನನ್ನ ವಾಸಸ್ಥಳಕ್ಕೆ ಸಂಬಂಧಿಸಿದ್ದಾಗಿರುತ್ತದೆ. ಇದಕ್ಕೆ ಮೊದಲು ನಾನು ಸ್ವಂತದ್ದೆಂದು ಏನನ್ನೂ ಬರೆದವಳಲ್ಲ. ಮಂಗಳೂರಿನ ಶಾಲೆಯೊಂದರ ಕಚೇರಿಯಲ್ಲಿ ಹನ್ನೊಂದು ವರ್ಷ ಇತರರ ಪತ್ರಗಳನ್ನು ಟೈಪ್ ಮಾಡಿದ್ದೇನೆ. ನನಗೆ ಬರೆಯಲು ಬರುವ ಕನ್ನಡ ಅದೊಂದೇ. ಮನೆಯಲ್ಲಿ ನಮ್ಮದು ಕೊಂಕಣಿ. ಮುಂದೆ ಬರುವ ಮಾತುಗಳನ್ನು ಕನ್ನಡಕ್ಕೆ ತಂದವಳು ನಾನು. ಸೇರಿಸಿದ್ದಾಗಲಿ ಬಿಟ್ಟದ್ದಾಗಲಿ ಇಲ್ಲವೆಂದು ದೃಢೀಕರಿಸುತ್ತೇನೆ.

ನನಗೆ ಮಾನಸಿಕ ಕಾಯಿಲೆ ಇದೆ. ಪ್ರತಿದಿನ ಗುಳಿಗೆ ತೆಗೆದುಕೊಳ್ಳುತ್ತೇನೆ. ಕಾವೂರಿನಲ್ಲಿ ಕೆರೆಯ ಸಮೀಪ ಬಾಡಿಗೆಯ ಒಂದು ಕೋಣೆಯಲ್ಲಿ ಆರು ವರ್ಷ ಒಬ್ಬಳೇ ಇದ್ದೆ. ಬೆಳಿಗ್ಗೆ ಕೆರೆಗೆ ಒಂದು ಸುತ್ತು ಬಂದು, ಅಡುಗೆ ಮಾಡಿಟ್ಟು, ಬಸ್ಸು ಹಿಡಿದು ಕೆಲಸಕ್ಕೆ ಹೋಗುತ್ತಿದ್ದೆ. ಆ ಆರು ವರ್ಷಗಳಲ್ಲಿ ಒಮ್ಮೆಯೂ ಆಸ್ಪತ್ರೆಗೆ ಸೇರಬೇಕಾಗಿ ಬರಲಿಲ್ಲ. ಕಳೆದ ವರ್ಷ ಮನೆಯ ಮಾಲಕರು ಹಳೆಯ ಕಟ್ಟಡವನ್ನು ಕೆಡಹುವುದಾಗಿ ತಿಳಿಸಿದರು. ಬೇರೆ ಕೋಣೆ ಸಿಗುವ ತನಕ ಅಣ್ಣನ ಮನೆಗೆ ಬಂದೆನು.

ಅಣ್ಣ, ಅತ್ತಿಗೆ ಹಾಗೂ ನರ್ಸ್ ಆಗಿದ್ದು ನಿವೃತ್ತಳಾಗಿ ಅದೇ ಮನೆಯಲ್ಲಿರುವ ನನ್ನ ಅಕ್ಕ, ಈ ಮೂವರು ನನಗಾಗಿ ಮನೆ ಹುಡುಕಿದರು. ಹುಡುಕಿದ್ದಕ್ಕೆ ನನ್ನ ಆಕ್ಷೇಪಣೆ ಇಲ್ಲ. ಫೋಟೋಗಳನ್ನು ಹಾಕಲು ಮೊಬೈಲಿನಲ್ಲಿ ಒಂದು ಗ್ರೂಪ್ ಮಾಡಿಕೊಂಡಿದ್ದರು. ಸದರಿ ಗ್ರೂಪಿನಲ್ಲಿ ಮನೆ ದಲ್ಲಾಳಿ ಇದ್ದ. ನಾನಿರಲಿಲ್ಲ.

ಒಂದು ಭಾನುವಾರ ಊಟದ ನಂತರ ಅವರು ಹಾಲ್‌ನಲ್ಲಿ ಮಾತನಾಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ.

"ಪಂಪ್‌ವೆಲ್ ಸರ್ಕಲ್‌ನ ಫ್ಲ್ಯಾಟೇ ಒಳ್ಳೆಯದು. ಲಿಫ್ಟ್ ಉಂಟು, ವಾಚ್‌ಮನ್ ಇದ್ದಾನೆ, ಕೆಳಗೆ ಇಳಿದರೆ ಬಸ್ಸು," ಎಂದ ಅಣ್ಣ. "ಇನ್ನೆಂತ ಬೇಕು? ನಾನೇ ಹೋಗಿ ಇರ್ತೇನೆ ಬೇಕಾದ್ರೆ."

"ಆಸ್ಪತ್ರೆಯೂ ಹತ್ತಿರ," ಎಂದಳು ಅಕ್ಕ.

"ಅವಳನ್ನೊಮ್ಮೆ ಕೇಳುವುದಾ?" ಎಂದರು ಅತ್ತಿಗೆ.

"ಕೇಳಿ ಎಂತ ಮಾಡುದು ಮಾರಾಯ್ತಿ? ಸುಮ್ಮನೆ ಅವಳಿಗೆ ಟೆನ್ಶನ್. ಸಾಮಾನು ಇಟ್ಟ ಮೇಲೆ ಹೇಳಿದ್ರೆ ಸಾಕು," ಎಂದ ಅಣ್ಣ.

ಅಡುಗೆಮನೆಗೂ ಹಾಲ್‌ಗೂ ನಡುವೆ ಇರುವುದು ಒಂದು ಪರದೆ ಮಾತ್ರ. ಕಾಯಿಲೆಯವಳಿಗೆ ಕಿವಿಯೂ ಕೇಳಿಸುವುದಿಲ್ಲವೆಂದು ಇವರಿಗೆ ಯಾರು ತಿಳಿಸಿದರೋ ನಾನರಿಯೆ.

ಅವರು ಕೇಳಿದ್ದರೆ ನಾನು ತಿಳಿಸಬಹುದಾಗಿದ್ದ ವಿಷಯ ಒಂದೇ. ಕಾಯಿಲೆ ಹೆಚ್ಚಾದಾಗ ವಾಹನಗಳ ಹಾರ್ನ್‌ನೊಳಗಿಂದ ಯಾರೋ ನನ್ನ ಹೆಸರು ಹಿಡಿದು ಬಯ್ಯುವುದು ಕೇಳಿಸುತ್ತದೆ. ನನ್ನ ಡಾಕ್ಟರರಿಗೆ ಇದು ಗೊತ್ತು. "ಗುಳಿಗೆ ತಗೊಂಡ್ಯಾ?" ಎಂದು ದಿನವೂ ವಿಚಾರಿಸುವ ಅಕ್ಕನಿಗೆ ಗೊತ್ತಿಲ್ಲ, ಆಕೆ ಗುಳಿಗೆಯ ಹೊರತು ಬೇರೇನನ್ನೂ ವಿಚಾರಿಸಿದವಳಲ್ಲ. ಸದರಿ ಫ್ಲ್ಯಾಟಿನ ಮಲಗುವ ಕೋಣೆಯ ಕಿಟಕಿ ಫ್ಲೈಓವರ್‌ನ ಕಡೆಗೆ ಇತ್ತು. "ಫ್ಲೈಓವರ್ ಕಡೆಯಿಂದ ಗಾಳಿ ಚೆನ್ನಾಗಿ ಬರ್ತದೆ," ಎಂದು ಅಣ್ಣ ಹೊಗಳಿದ್ದು ಅದೇ ಕಿಟಕಿಯನ್ನು.

ನಮ್ಮ ಕ್ರೈಸ್ತ ಮನೆಗಳಲ್ಲಿ ಸಂಜೆ ಎಲ್ಲರೂ ಅಲ್ತಾರಿನ, ಅಂದರೆ ದೇವರ ಪೀಠದ, ಮುಂದೆ ಮೊಣಕಾಲೂರಿ ಜಪಮಾಲೆ ಹೇಳುವ ಕ್ರಮವಿದೆ. ಹತ್ತು ಮಣಿಗಳಿಗೆ ಒಬ್ಬರ ಸರದಿ. ಸರದಿಯವರು ಪ್ರಾರ್ಥನೆಯ ಮೊದಲರ್ಧ ಹೇಳಿದರೆ ಮಿಕ್ಕವರು ಉಳಿದರ್ಧ ಹೇಳುತ್ತಾರೆ. ನಡುವೆ ಯಾರೂ ಮಾತನಾಡುವಂತಿಲ್ಲ, ಏಳುವಂತಿಲ್ಲ. ಆ ಮನೆಯಲ್ಲಿ ಮೂರನೆಯ ಸರದಿ ನನ್ನದು. ಕಾವೂರಿಗೆ ಹೋಗುವ ಮೊದಲು, ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದ ದಿನಗಳಲ್ಲಿಯೂ ನನ್ನ ಸರದಿಯನ್ನು ಯಾರೂ ಕಿತ್ತುಕೊಂಡದ್ದಿಲ್ಲ.

ಮರುದಿನ ಸಂಜೆ ಅಣ್ಣ ಫ್ಲ್ಯಾಟಿನ ಬೀಗದ ಕೈಯನ್ನು ತಂದು, ದೇವರ ಆಶೀರ್ವಾದ ಇರಲಿ ಎಂದು ಅಲ್ತಾರಿನ ಮೇಲೆ ಮೊಂಬತ್ತಿಯ ಪಕ್ಕದಲ್ಲಿಟ್ಟ. ದೇವರಿಗೂ ತಿಳಿಸಿಯಾಗಿತ್ತು. ತಿಳಿಸಲು ಬಾಕಿ ಉಳಿದವಳು ನಾನು.

ಅಣ್ಣನ ಸರದಿ, ಅತ್ತಿಗೆಯ ಸರದಿ ಮುಗಿದವು. ನಾನು ಮೊದಲನೆಯ ಮಣಿ ಹಿಡಿದು ಹೇಳಿದೆ: "ಪಂಪ್‌ವೆಲ್‌ನ ಮನೆಗೆ ನಾನು ಹೋಗುವುದಿಲ್ಲ."

ಕಣ್ಣು ಮುಚ್ಚಿದ್ದ ಮೂವರೂ ರೂಢಿಯಂತೆ ಪ್ರಾರ್ಥನೆಯ ಉಳಿದರ್ಧವನ್ನು ಒಟ್ಟಿಗೆ ಆರಂಭಿಸಿದರು. ಮೂರು ನಾಲ್ಕು ಶಬ್ದಗಳಾದ ಮೇಲೆ ಅತ್ತಿಗೆ ನಿಲ್ಲಿಸಿದರು. ಆಮೇಲೆ ಅಕ್ಕ. ಅಣ್ಣ ಕೊನೆಯ ತನಕ ಹೇಳಿ ಮುಗಿಸಿಯೇ ಕಣ್ಣು ತೆರೆದ.

ಎರಡನೆಯ ಮಣಿಗೆ ಹಾರ್ನ್‌ನ ವಿಷಯ ಹೇಳಿದೆ. ಮೂರನೆಯದಕ್ಕೆ ಕಿಟಕಿ, ನಾಲ್ಕನೆಯದಕ್ಕೆ ಕೆರೆ. ಐದನೆಯದಕ್ಕೆ ಗ್ರೂಪಿನ ವಿಷಯ. ಒಟ್ಟು ಹತ್ತು ವಾಕ್ಯ ಹೇಳಿದೆ. ಹತ್ತನೆಯದು ಅಣ್ಣನಿಗೆ: "ನಾನೇ ಹೋಗಿ ಇರ್ತೇನೆ ಅಂದಿದ್ದೆಯಲ್ಲ, ಹೋಗಿ ಇರು."

ಅತ್ತಿಗೆಗೆ ನಗು ಬಂದು ಸೆರಗನ್ನು ಬಾಯಿಗೊತ್ತಿಕೊಂಡರು. ಅಕ್ಕ ನಗಲಿಲ್ಲ. ಅವಳ ಸರದಿ ಬಂದಿತ್ತು. ಸಣ್ಣ ಧ್ವನಿಯಲ್ಲಿ ಜಪವನ್ನು ಮುಂದುವರಿಸಿದಳು.

ಪ್ರಾರ್ಥನೆ ಮುಗಿದ ಮೇಲೆ ಅಣ್ಣ, "ದೇವರ ಎದುರು ಹೀಗೆ ಮಾಡಬಾರದಿತ್ತು ತಂಗಿ," ಎಂದ.

"ಬೇರೆ ಎಲ್ಲಿ ನನಗೆ ಸರದಿ ಉಂಟು?" ಎಂದೆ.

ನಾನು ಬೀಗದ ಕೈ ತೆಗೆದು ಅವನ ಅಂಗಿಯ ಕಿಸೆಗೆ ಹಾಕಿದೆ.

ಆ ವಾರವೇ ಅಕ್ಕ ನನ್ನೊಡನೆ ಕಾವೂರಿಗೆ ಬಂದಳು. ಕೆರೆಯಿಂದ ಸ್ವಲ್ಪ ದೂರದಲ್ಲಿ ಒಂದು ಕೋಣೆ ಖಾಲಿ ಇರುವುದನ್ನು ನನ್ನ ಹಳೆಯ ನೆರೆಯವರು ತಿಳಿಸಿದ್ದರು. ಮನೆಯೊಡತಿ ನನ್ನನ್ನೊಮ್ಮೆ ನೋಡಿ, ಅಕ್ಕನ ಕಡೆಗೆ ತಿರುಗಿ, "ಇವರಿಗೆ ಎಂತೆಲ್ಲ ಬೇಕು?" ಎಂದು ಕೇಳಿದರು.

ಅಕ್ಕ ರೂಢಿಯಂತೆ ಬಾಯಿ ತೆರೆದಳು. ಎರಡು ಶಬ್ದ ಹೇಳಿ ನಿಲ್ಲಿಸಿದಳು.

"ಅವಳನ್ನೇ ಕೇಳಿ."

ಇದಕ್ಕಾಗಿ ನಾನು ಅಕ್ಕನಿಗೆ ಕೃತಜ್ಞತೆ ಸಲ್ಲಿಸಬೇಕೆಂದು ಅತ್ತಿಗೆಯ ಅಭಿಪ್ರಾಯ. ನಾನು ಈವರೆಗೆ ಸಲ್ಲಿಸಿರುವುದಿಲ್ಲ. ನಲವತ್ತಮೂರು ವರ್ಷ ವಯಸ್ಸಿನವಳಿಗೆ ತಾನು ಮಲಗುವ ಕೋಣೆಯ ಕುರಿತು ಮಾತನಾಡಲು ಬಿಟ್ಟದ್ದು ಉಪಕಾರವೆಂದು ನನಗೆ ಅನ್ನಿಸುವುದಿಲ್ಲ.

ಮನೆಯೊಡತಿಗೆ ನಾನು, "ಮೊದಲು ಕಿಟಕಿ ತೋರಿಸಿ," ಎಂದೆ.