ಕಣ್ಣು ತೆರೆಯುವ ಹೊತ್ತು

ನಿನ್ನೆ ಬೆಳಿಗ್ಗೆ ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ಒಂದು ಮಾತು ಕಿವಿಗೆ ಬಿತ್ತು. ನಾನು ಹತ್ತಬೇಕಿದ್ದ ಬಸ್ಸಿನಿಂದ ಒಬ್ಬ ಅಜ್ಜಿ ಇಳಿಯುತ್ತಿದ್ದರು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಸೀರೆಯ ನೆರಿಗೆ. ಬಾಗಿಲ ಬಳಿ ನಿಂತಿದ್ದ ಕಂಡಕ್ಟರ್, "ನಿಧಾನ ಇಳಿಯಿರಿ ಅಮ್ಮ, ಅವಸರ ಇಲ್ಲ" ಎಂದ. ನಮ್ಮ ಕರಾವಳಿಯ ಬಸ್ಸುಗಳನ್ನು ಬಲ್ಲವರಿಗೆ ಇದು ಎಂಥ ಸೋಜಿಗವೆಂದು ಬಿಡಿಸಿ ಹೇಳಬೇಕಿಲ್ಲ. ಇಳಿಯುವವರ ಎರಡನೆಯ ಕಾಲು ನೆಲಕ್ಕೆ ತಾಗುವ ಮೊದಲೇ ಸೀಟಿ ಊದುವುದು ಇಲ್ಲಿನ ಕಂಡಕ್ಟರುಗಳ ಕುಲಧರ್ಮ. ಸುತ್ತ ನಿಂತವರೆಲ್ಲ ಆ ಹುಡುಗನನ್ನು ಮೆಚ್ಚಿಕೊಂಡಿರಬೇಕು. ನನಗೆ ಮಾತ್ರ ಎಲ್ಲೋ ಒಂದು ಸಣ್ಣ ಮುಳ್ಳು ಆಡಿತು. "ನಿಧಾನ, ಅವಸರ ಇಲ್ಲ" ಎಂಬ ಮಾತು ನನ್ನ ಮನೆಯಲ್ಲಿ ಒಂದು ಕಾಲಕ್ಕೆ ದಿನಾ ಬೆಳಿಗ್ಗೆ ಕೇಳಿಸುತ್ತಿತ್ತು. ಹೇಳುತ್ತಿದ್ದವಳು ನಾನಲ್ಲ, ಇನ್ನೊಬ್ಬಳು. ಕೇಳುತ್ತಿದ್ದವರು ನನ್ನ ಗಂಡ.

ಇಷ್ಟು ಹೇಳಿ ಸುಮ್ಮನಾದರೆ ನೀವು ಏನೇನೋ ಊಹಿಸಿಕೊಳ್ಳುತ್ತೀರಿ. ಕಿಟಕಿಯ ಬದಿಯ ಸೀಟು ಸಿಕ್ಕಿತ್ತು, ಪಡುಬಿದ್ರಿಯವರೆಗೂ ಅದನ್ನೇ ಯೋಚಿಸುತ್ತ ಬಂದೆ. ನಿಮಗೂ ಹೇಳಿಬಿಡುತ್ತೇನೆ.

ನಮ್ಮದು ಕಾಪುವಿನಲ್ಲಿ ಮನೆ. ಮನೆಮಾತು ತುಳು. ನಾನು ಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು, ಆದ್ದರಿಂದ ಮನೆಯ ಮಾತನ್ನೂ ಕನ್ನಡದಲ್ಲೇ ಬರೆಯುವ ಚಾಳಿ. ನಮ್ಮವರು ಮಸ್ಕತ್‌ನ ಒಂದು ಕಂಪನಿಯಲ್ಲಿ ಗೋದಾಮು ನೋಡಿಕೊಳ್ಳುತ್ತಿದ್ದರು. ಮದುವೆಯಾದ ವರ್ಷವೇ ಹೋದವರು ತಲೆ ನರೆತ ಮೇಲೆ ಬಂದರು. ನಡುವೆ ರಜೆಗೆ ಬರುತ್ತಿದ್ದರು, ಇಲ್ಲವೆಂದಲ್ಲ. ಆದರೆ ಬಂದ ಮೊದಲ ವಾರ ಅವರು ನೆಂಟರು, ಕೊನೆಯ ವಾರ ಪ್ರಯಾಣಿಕರು. ನಡುವೆ ಗಂಡನಾಗಿ ಸಿಕ್ಕಿದ್ದು ಕಡಿಮೆ. ಇವರಿಗೆ ನಮ್ಮ ಸ್ವಿಚ್ ಬೋರ್ಡಿನಲ್ಲಿ ಯಾವ ಗುಂಡಿ ಯಾವುದರದ್ದು ಎಂದು ತಿಳಿಯುವಷ್ಟರಲ್ಲಿ ವಿಮಾನದ ದಿನ ಬಂದುಬಿಡುತ್ತಿತ್ತು.

ಪೂರ್ತಿಯಾಗಿ ಬಂದ ಮೇಲೂ ಅವರಿಗೆ ಬಂದದ್ದು ಗೊತ್ತಾಗಲಿಲ್ಲ. ಬೆಳಕು ಹರಿಯುವ ಮೊದಲೇ ದಡಕ್ಕನೆ ಎದ್ದು, ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಎಲ್ಲಿಗೂ ಹೋಗಲಿಕ್ಕಿಲ್ಲದೆ ಜಗಲಿಯಲ್ಲಿ ನಿಂತಿರುತ್ತಿದ್ದರು. ಎದೆ ಬಿಗಿಯುತ್ತದೆ ಎಂದರು. ಹೆದರಿ ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಎಲ್ಲ ಪರೀಕ್ಷೆ ಮುಗಿಸಿದ ಡಾಕ್ಟರು, "ಹೃದಯ ಚೆನ್ನಾಗಿ ಉಂಟು. ನೀವು ಸ್ವಲ್ಪ ಸುಮ್ಮನೆ ಕೂತುಕೊಳ್ಳಲಿಕ್ಕೆ ಕಲಿಯಬೇಕು" ಎಂದರು.

"ಅದಕ್ಕೂ ಕ್ಲಾಸ್ ಉಂಟಾ?" ಎಂದು ಇವರು ಕೇಳಿದರು. ತಮಾಷೆಗೆ ಕೇಳಿದ್ದು. ಆದರೆ ಇತ್ತು.

ಉಡುಪಿಯಲ್ಲಿ, ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ. ಧ್ಯಾನ ಕಲಿಸುತ್ತಿದ್ದವಳು ಶಾಲಿನಿ ಎಂಬ ಹುಡುಗಿ. ನನ್ನ ವಿದ್ಯಾರ್ಥಿನಿಯಾಗಬಹುದಾದ ಪ್ರಾಯ. ಒಬ್ಬರೇ ಹೋಗಲು ಇವರಿಗೆ ಸಂಕೋಚವೆಂದು ನಾನೂ ಸೇರಿದೆ. ನಿಜ ಹೇಳುತ್ತೇನೆ, ನನಗೆ ಒಳಗೊಳಗೆ ಒಂದು ಲೆಕ್ಕವಿತ್ತು. ಗಲ್ಫಿನ ಗೋದಾಮಿನಲ್ಲಿ ಕೂಗಾಡಿಕೊಂಡಿದ್ದವರಿಗೆ ಧ್ಯಾನ ಎಲ್ಲಿಂದ ಬರಬೇಕು, ಹಳೆಗನ್ನಡ ಓದಿದ ನನಗೆ ಅದು ನೀರು ಕುಡಿದ ಹಾಗೆ ಬಂದೀತು ಎಂದು.

ಮೊದಲ ದಿನವೇ ಆದದ್ದನ್ನು ಕೇಳಿ. ಕಣ್ಣು ಮುಚ್ಚಿ ಕುಳಿತೆವು. ನನ್ನ ಎಡಗಾಲು ಜೋಮು ಹಿಡಿಯಿತು, ಬಲಗಾಲು ಅದರ ಸುದ್ದಿ ಕೇಳಿ ತಾನೂ ಹಿಡಿಯಿತು. ಕೊನೆಗೆ ಶಾಲಿನಿ ಒಂದು ಪುಟ್ಟ ಗಂಟೆ ಬಾರಿಸಿದಳು. ಜೀವಮಾನವಿಡೀ ಗಂಟೆ ಕೇಳಿದ ಕೂಡಲೇ ಎದ್ದು ಮುಂದಿನ ತರಗತಿಗೆ ಓಡಿದವಳು ನಾನು. ಓಡಲು ಎದ್ದೇಬಿಟ್ಟೆ. ಚೀಲವೂ ಕೈಯಲ್ಲಿತ್ತು. ಜೋಮು ಹಿಡಿದ ಕಾಲು ಒಪ್ಪದೆ ಪಕ್ಕದವರ ಮೇಲೆ ಬಿದ್ದೆ.

"ಟೀಚರ್, ಎಲ್ಲಿಗೆ ಓಡ್ತಾ ಇದ್ದೀರಿ? ಇನ್ನೂ ಮುಗಿಯಲಿಲ್ಲ. ಗಂಟೆ ಎಂದರೆ ಮುಗಿಯಿತು ಎಂದು ಅಲ್ಲ, ಧ್ಯಾನದಿಂದ ಹೊರಡಿ ಎಂದು. ಅಲ್ಲಿಂದ ಇಲ್ಲಿಗೆ ನಿಧಾನ ಬರಬೇಕು" ಎಂದಳು ಶಾಲಿನಿ.

ಆಮೇಲೆ ಅವಳು ಎಲ್ಲರನ್ನೂ ವಾಪಸು ಕರೆತಂದಳು. ಕಣ್ಣು ತೆರೆಯಬೇಡಿ. ದೂರದ ಸದ್ದು ಕೇಳಿ, ಮತ್ತೆ ಹತ್ತಿರದ್ದು. ಉಸಿರು ತಾನಾಗಿ ಉದ್ದವಾಗಲಿ. ಬೆರಳ ತುದಿ ಮಾತ್ರ ಆಡಿಸಿ. ಅಂಗೈ ತಿಕ್ಕಿ, ಬಿಸಿಯಾದ ಮೇಲೆ ಕಣ್ಣ ಮೇಲಿಡಿ, ಆ ಕತ್ತಲೆಯ ಒಳಗೇ ಕಣ್ಣು ಬಿಡಿ. ನಿಧಾನ. ಅವಸರ ಇಲ್ಲ.

ಕಾಲು ನೀವಿಕೊಳ್ಳುತ್ತ ನಾನು ಇವರನ್ನೇ ನೋಡುತ್ತಿದ್ದೆ. ಇವರು ಅಂಗೈಗಳನ್ನು ಮೆಲ್ಲನೆ ಕೆಳಗಿಳಿಸಿದರು. ಆಗ ಆ ಮುಖದಲ್ಲಿ ಕಂಡದ್ದನ್ನು ಏನೆಂದು ಹೇಳಲಿ? ಹಣೆಯ ಗೆರೆಗಳೆಲ್ಲ ಸಡಿಲವಾಗಿ, ತುಟಿ ಅರೆಬಿರಿದು, ಕಣ್ಣಲ್ಲಿ ಯಾರನ್ನೋ ಬಹಳ ದಿನಗಳ ಮೇಲೆ ಕಂಡ ಬೆಳಕು. ಮದುವೆಯ ಫೋಟೋಗಳಲ್ಲಿ ಹುಡುಕಿದೆ, ಮನೆಗೆ ಬಂದ ಮೇಲೆ. ಅಲ್ಲೂ ಇರಲಿಲ್ಲ.

"ಸರ್ ಎಷ್ಟು ಚಂದ ಬಂದ್ರು ನೋಡಿ. ಇವರಿಗೆ ಇದು ಹುಟ್ಟಿನಿಂದಲೇ ಉಂಟು" ಎಂದು ಶಾಲಿನಿ ಎಲ್ಲರೆದುರು ಹೇಳಿದಳು. ನನ್ನ ಕಡೆ ನೋಡಿ, "ಟೀಚರ್‌ಗೂ ಬರ್ತದೆ" ಎಂದಳು. ಹಿಂದಿನ ಬೆಂಚಿನವರಿಗೆ ನಾನು ಹೇಳುತ್ತಿದ್ದ ದನಿಯಲ್ಲೇ.

ಕೆಲವು ವಾರಗಳಲ್ಲಿ ನಾನು ಕ್ಲಾಸು ಬಿಟ್ಟೆ, ಮಂಡಿನೋವು ಎಂದು ಹೇಳಿ. ಇವರು ಶಾಲಿನಿಯ ಮಾತನ್ನು ಫೋನಿನಲ್ಲಿ ತುಂಬಿಸಿಕೊಂಡು ಬಂದರು. ಅಂದಿನಿಂದ ದಿನಾ ಬೆಳಿಗ್ಗೆ ಜಗಲಿಯಲ್ಲಿ ಚಾಪೆ, ಕಿಟಕಿಯ ಕಟ್ಟೆಯ ಮೇಲೆ ಫೋನು, ಫೋನಿನೊಳಗೆ ಆ ಹೆಣ್ಣುದನಿ. ಒಳಗೆ ನಾನು ತೆಂಗಿನಕಾಯಿ ತುರಿಯುತ್ತ ಕೇಳಿಸಿಕೊಳ್ಳಬೇಕು. ಅವಸರ ಇಲ್ಲವಂತೆ! ಚಟ್ನಿಗೆ ಅರೆಯುವವಳು ಇವಳಾ? ಮಿಕ್ಸಿಯ ಗುಂಡಿ ಸರಿಯಾಗಿ "ನಿಧಾನ" ಎನ್ನುವ ಹೊತ್ತಿಗೇ ನನ್ನ ಕೈಗೆ ಸಿಗುತ್ತಿದ್ದದ್ದು ಕಾಕತಾಳೀಯವಿರಬಹುದು.

ಕಾರ್ಕಳದಲ್ಲಿರುವ ನನ್ನ ತಂಗಿ ಸುಮತಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿಕೊಂಡರೆ ಅವಳು ನಕ್ಕಳು. "ಅಕ್ಕ, ನಿನಗೆ ಹೊಟ್ಟೆಕಿಚ್ಚು ಮಾರಾಯ್ತಿ."

"ಅವಳಿಗೆ ಎಷ್ಟು ಪ್ರಾಯ ಗೊತ್ತುಂಟಾ ನಿನಗೆ?"

"ನಾನು ಪ್ರಾಯ ಕೇಳಲಿಲ್ಲ ಅಲ್ವಾ?"

ಸುಮತಿ ಅರ್ಧ ಸರಿ. ಆ ಹುಡುಗಿಯ ಮೇಲಲ್ಲ ನನ್ನ ಕಿಚ್ಚು. ಅವಳ ದನಿಗೆ ಇವರು ಹೊರಳಿ ಬರುತ್ತಿದ್ದ ಆ ರೀತಿಯ ಮೇಲೆ. ನಾನು ವರ್ಷಗಟ್ಟಲೆ ಕಾದವಳು. ಕಾದು ಕಾದು ಒಮ್ಮೆ ಮನೆಗೆ ಬಂದ ಮನುಷ್ಯ ಈಗ ದಿನಾ ಬೆಳಿಗ್ಗೆ ನನ್ನ ಕಣ್ಣೆದುರೇ ಇನ್ನೆಲ್ಲಿಗೋ ಹೋಗುವುದು, ಅಲ್ಲಿ ಯಾವುದೋ ಸುಖ ಉಂಡು, ಅದರ ಜಿಡ್ಡು ಮುಖದಲ್ಲಿ ಹಚ್ಚಿಕೊಂಡು ಬರುವುದು! ಕಣ್ಣು ತೆರೆಯುವ ಹೊತ್ತಿಗೆ ಎದುರಿಗೆ ಸಿಗಬೇಕೆಂದು ಎಷ್ಟೋ ಸಲ ಬಾಗಿಲಲ್ಲಿ ಬಂದು ನಿಂತಿದ್ದೇನೆ. ಅವರ ಕಣ್ಣು ಮೊದಲು ಗೋಡೆಯನ್ನು ನೋಡುತ್ತಿತ್ತು, ಆಮೇಲೆ ಅಂಗಳದ ದಾಸವಾಳವನ್ನು. ನನ್ನ ತನಕ ಬರುವಾಗ ಆ ಬೆಳಕು ಮುಗಿದಿರುತ್ತಿತ್ತು. "ಚಾ ಆಯ್ತಾ?" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಒಳಗೆ ದೋಸೆ ಹುಯ್ಯುತ್ತಿದ್ದೆ. ಬರಬೇಕಾದ ದನಿ ಬರಲಿಲ್ಲ. ತಟ್ಟೆಯ ದೋಸೆಗಳು ತಣ್ಣಗಾದವು, ಇನ್ನೊಂದನ್ನು ಕಲ್ಲಿಗೆ ಹುಯ್ದೆ. ಹೋಗಿ ನೋಡಿದರೆ ಫೋನಿನ ಚಾರ್ಜ್ ಮುಗಿದು ಪರದೆ ಕಪ್ಪಾಗಿತ್ತು. ಇವರಿಗೆ ಅದು ಗೊತ್ತಿಲ್ಲ. ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ ಕುಳಿತೇ ಇದ್ದಾರೆ. ಮೊದಲು ನನಗೆ ಖುಷಿಯಾಯಿತು. ಕರೆಯಲಿ ಈಗ ಅವಳು, ನೋಡುವ! ಆದರೆ ಇವರ ಹುಬ್ಬುಗಳ ನಡುವೆ ಒಂದು ಸಣ್ಣ ಗೆರೆ ಮೂಡಿತ್ತು. ಹಾಜರಿ ಕರೆಯುವಾಗ ತನ್ನ ಹೆಸರು ಬಾರದೆ ಹೋದ ಮಗುವಿನ ಮುಖ ನೋಡಿದ್ದೀರಲ್ಲ, ಹಾಗೆ. ಈ ಮನುಷ್ಯ ಏಳಲೂ ಆರ, ಕೇಳಲೂ ಆರ. ಯಾರೋ ಕರೆಯುತ್ತಾರೆಂದು ಕಾಯುತ್ತಿದ್ದಾನೆ.

ಕಾಯುವುದೆಂದರೆ ಏನೆಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಚಾಪೆಯ ಅಂಚಿನಲ್ಲಿ ಕುಳಿತೆ. ಕನ್ನಡದಲ್ಲಿ ಬಾಯಿ ತೆರೆದರೆ ಶಾಲೆಯ ದನಿ ಬಂದೀತೆಂದು ಹೆದರಿ, ತುಳುವಿನಲ್ಲಿ "ಮೆಲ್ಲ ಬಲೆ" ಎಂದೆ. ಮೆಲ್ಲಗೆ ಬನ್ನಿ. ಮುಂದಿನ ಪಾಠ ನನಗೆ ನೆನಪಿರಲಿಲ್ಲ. ಕೇಳಿಸಿದ್ದನ್ನೇ ಹೇಳುತ್ತ ಹೋದೆ. ಪಕ್ಕದ ಮನೆಯ ಪಂಪು ಕೇಳ್ತಾ ಉಂಟು. ಕಾಗೆ ಕೂಗಿತು. ದೂರದಲ್ಲಿ ಹೈವೇಯ ಲಾರಿ. ಒಳಗೆ ದೋಸೆಕಲ್ಲು ಚುಂಯ್ ಅಂತ ಉಂಟು, ನಾನು ಒಲೆ ಆರಿಸಲಿಲ್ಲ.

ಇವರ ಬೆರಳು ಆಡಿದವು. ಅಂಗೈ ತಿಕ್ಕಿಕೊಂಡರು, ಮುಖ ಮುಚ್ಚಿಕೊಂಡರು. ಕೈಗಳ ಹಿಂದಿನಿಂದಲೇ ನಗುವುದು ಕೇಳಿಸಿತು. "ದೋಸೆ ಕರಟುವ ವಾಸನೆ ಬಂತು" ಎಂದು ಕೈ ತೆಗೆದು ನನ್ನನ್ನು ನೋಡಿದರು. ಆ ಬೆಳಕು ಇನ್ನೂ ಇತ್ತು.

ಒಲೆ ಆರಿಸಿ ಬಂದ ಮೇಲೆ ಹೇಳಿದರು, "ಒಂದು ವಿಷಯ ಹೇಳ್ತೇನೆ, ನಗಬಾರದು. ನನಗೆ ಈ ಧ್ಯಾನ ಬರುವುದೇ ಇಲ್ಲ."

"ಎಂತ?"

"ಕೂತ ಕೂಡಲೇ ಗೋದಾಮು ಕಾಣ್ತದೆ. ಪೆಟ್ಟಿಗೆ, ಲಾರಿ, ಬೈಗುಳ. ಒಂದು ದಿನವೂ ಮನಸ್ಸು ನಿಲ್ಲಲಿಲ್ಲ."

"ಮತ್ತೆ ಇಷ್ಟು ಕಾಲ ಯಾಕೆ ಕೂತದ್ದು ಮಾರಾಯರೇ?"

"ಕೊನೆಯಲ್ಲಿ ಕಣ್ಣು ಬಿಡುವ ಆ ಹೊತ್ತಿಗೆ ಬೇಕಾಗಿ" ಎಂದರು. "ಅಲ್ಲಿ ಮಸ್ಕತ್‌ನ ಕ್ಯಾಂಪಿನ ಕೋಣೆಯಲ್ಲಿ ಬೆಳಿಗ್ಗೆ ಅಲಾರಂ ಹೊಡೆಯುವ ಮೊದಲು, ಕಣ್ಣು ಬಿಡುವ ಮೊದಲು, ಒಂದು ಕ್ಷಣ ಉಂಟು ನೋಡು, ಆಗ ನಾನು ಇಲ್ಲೇ ಇದ್ದೇನೆ ಅಂತ ತೋರುತ್ತಿತ್ತು. ಕಣ್ಣು ಬಿಟ್ಟರೆ ಕಬ್ಬಿಣದ ಮಂಚ. ಈಗ ಹಾಗಲ್ಲ. ಮುಚ್ಚಿದ ಕಣ್ಣಲ್ಲಿ ಗೋದಾಮು ಇರ್ತದೆ, ಮೆಲ್ಲ ಬಿಟ್ಟರೆ ನಮ್ಮ ಗೋಡೆ, ನಮ್ಮ ದಾಸವಾಳ. ನೀನು ಒಳಗೆ ಮಿಕ್ಸಿ ಹಾಕಿರ್ತೀ. ದಿನಾ ಒಮ್ಮೆ ಊರಿಗೆ ಬಂದ ಹಾಗೆ."

ನಾನು ಕರಗಿದೆ, ಕಣ್ಣೀರು ಹಾಕಿದೆ, ಕಿಚ್ಚು ಆರಿತು ಎಂದು ಬರೆದರೆ ಪ್ರಬಂಧ ಚಂದವಾಗಿ ಮುಗಿಯುತ್ತಿತ್ತು. ಕರಗಿದ್ದು ನಿಜ, ಮಧ್ಯಾಹ್ನದ ಊಟದವರೆಗೆ. ಪಾತ್ರೆ ತೊಳೆಯುವಾಗ ಮೊದಲಿನದಕ್ಕಿಂತ ದೊಡ್ಡ ಹೊಟ್ಟೆಕಿಚ್ಚು ಎದ್ದುಬಂತು. ದಿನಾ ಒಮ್ಮೆ ಊರಿಗೆ ಬರುವ ಭಾಗ್ಯ! ಎಲ್ಲಿಗೂ ಹೋಗದವಳಿಗೆ ಆ ಭಾಗ್ಯ ಎಲ್ಲಿಂದ? ಇವರ ಮನೆಯನ್ನು ಮನೆಯಾಗಿ ಇಟ್ಟವಳು ನಾನು, ಅದಕ್ಕೆ ಬಂದು ಮುಟ್ಟುವ ಸುಖ ಮಾತ್ರ ಅವರದು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದು ಅದನ್ನೇ ಹೇಳಿದೆ: "ನಿಮಗೆ ಬರಲಿಕ್ಕೆ ಒಂದು ಮನೆ ಉಂಟು. ನಾನು ಎಲ್ಲಿಂದ ಬರುವುದು?"

ಇವರು ಪೇಪರ್ ಮಡಚಿದರು. "ಎಲ್ಲಿಗಾದರೂ ಹೋಗು ಮತ್ತೆ" ಎಂದರು. ಸಿಟ್ಟಿನಿಂದಲ್ಲ, ಬೇರೆ ದಾರಿ ತೋಚದೆ.

ಹೋಗುವುದು ಅಷ್ಟು ಸುಲಭವೇ? ಹಾಲಿನವನು, ಗಿಡಗಳು, ಮಳೆಗಾಲದ ಹಪ್ಪಳ, ಯಾರದ್ದೋ ಸೀಮಂತ. ನೆಪಗಳಲ್ಲೇ ಕೆಲವು ವರ್ಷ ಹೋದವು. ಕೊನೆಗೆ ಈ ತಿಂಗಳು ಮದುವೆಯಿಲ್ಲದೆ, ಸತ್ತವರ ಬೊಜ್ಜದ ಊಟವಿಲ್ಲದೆ, ಯಾರಿಗೂ ಜ್ವರವೂ ಇಲ್ಲದೆ ಸುಮತಿಯ ಮನೆಗೆ ಹೋದೆ. ಅವಳು ಚೀಲ ನೋಡಿ ಗಾಬರಿಯಾದಳು. "ಎಂತ ಆಯ್ತು ಅಕ್ಕ? ಜಗಳವಾ?"

"ಇಲ್ಲ. ವಾಪಸ್ ಹೋಗಲಿಕ್ಕೆ ಬಂದದ್ದು."

ಅಲ್ಲಿ ಬೆಳಿಗ್ಗೆ ಎಚ್ಚರವಾದರೆ ದೂರದ ಕೋರೆಯಲ್ಲಿ ಕಲ್ಲು ಒಡೆಯುವ ಸದ್ದು. ಮಂಚದ ಯಾವ ಬದಿಗೆ ಕಾಲಿಡಬೇಕೆಂದು ಗೊತ್ತಾಗುತ್ತಿರಲಿಲ್ಲ. ಸಂಜೆ ಇವರಿಗೆ ಫೋನು ಮಾಡಿದರೆ "ಎಲ್ಲ ಸರಿ ಉಂಟು, ಊಟ ಆಯ್ತು, ನೀನು ಆರಾಮ ಇರು" ಎನ್ನುತ್ತಿದ್ದರು. ಎಲ್ಲ ಸರಿ ಇರುವುದು ಹೇಗೆ, ನಾನಿಲ್ಲದೆ? ಅದೊಂದು ಬೇರೆ ಸಂಕಟ.

ನಿನ್ನೆ ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾಪುವಿನಲ್ಲಿ ಇಳಿದೆ. ಹೈವೇ ದಾಟಿ ನಮ್ಮ ಓಣಿಗೆ ತಿರುಗಿದಾಗ ಗಾಳಿಯಲ್ಲಿ ಕಡಲಿನ ಉಪ್ಪು. ಗೇಟಿಗೆ ಕೈ ಹಾಕಿದವಳು ತಡೆದೆ. ಹಿತ್ತಿಲ ಬದಿಯಿಂದ ಮಾತು ಬರುತ್ತಿತ್ತು. ಮೀನಿನ ಕಲ್ಯಾಣಿ ಬುಟ್ಟಿ ಇಳಿಸಿದ್ದಳು. ನನಗಲ್ಲದೆ ಯಾರಿಗೂ ಅವಳು ಒಳ್ಳೆಯ ಮೀನು ಕೊಡುವುದಿಲ್ಲ ಎಂದು ಇಷ್ಟು ಕಾಲ ನಂಬಿದ್ದೆ.

"ಇದು ಬೇಡ, ಸಣ್ಣ ಬಂಗುಡೆ ಅವಳಿಗೆ ಆಗುವುದಿಲ್ಲ" ಎನ್ನುತ್ತಿದ್ದರು ಇವರು. "ಇವತ್ತು ಬರ್ತಾಳೆ. ದೊಡ್ಡದು ಕೊಡು."

"ಬರ್ತಾರಾ? ಮೊನ್ನೆಯೂ ಹಾಗೇ ಹೇಳಿದಿರಿ ಅಲ್ವಾ?"

"ಮೊನ್ನೆ ಸುಮ್ಮನೆ ಹೇಳಿದ್ದು. ಇವತ್ತು ನಿಜ."

ನಾನು ಗೇಟು ತೆರೆಯಲಿಲ್ಲ. ಹೊರಗಿನ ಕಲ್ಲಿನ ಮೇಲೆ, ಬಿಸಿಲಲ್ಲೇ, ಚೀಲ ಮಡಿಲಲ್ಲಿಟ್ಟುಕೊಂಡು ಕುಳಿತೆ. ನನ್ನ ಮನೆಯನ್ನು ನಾನು ಹೊರಗಿನಿಂದ ಕೇಳಿದ್ದೇ ಇರಲಿಲ್ಲ. ಕೊಡಪಾನ ಕಟ್ಟೆಗೆ ತಾಗುವ ಸದ್ದು, ಹಿಂಬಾಗಿಲಿನ ಕೀಲಿನ ಕಿರ್ರು, ಇವರು ಚಪ್ಪಲಿ ಎಳೆದುಕೊಂಡು ನಡೆಯುವುದು. ಎಲ್ಲ ಇತ್ತು, ಒಂದೇ ಒಂದು ಸದ್ದು ಕಡಿಮೆ ಇತ್ತು. ಅದು ನನ್ನದು.

ಕಲ್ಯಾಣಿ ಬುಟ್ಟಿ ಹೊತ್ತು ಆಚೆಯ ದಾರಿಯಲ್ಲಿ ಹೋದಳು. ಮೀನಿನ ಪಾತ್ರೆ ಹಿಡಿದು ಅಂಗಳಕ್ಕೆ ಬಂದ ಇವರು ಗೇಟಿನ ಆಚೆ ನನ್ನ ತಲೆ ಕಂಡು ನಿಂತರು.

"ಯಾವಾಗ ಬಂದದ್ದು?"

"ಇನ್ನೂ ಬರ್ತಾ ಇದ್ದೇನೆ" ಎಂದೆ.

ಇವರು ಮುಂಬಾಗಿಲನ್ನು ನನಗೆಂದು ತೆರೆದೇ ಬಿಟ್ಟು, ಬೆಕ್ಕಿಗೆ ಸಿಗದ ಹಾಗೆ ಪಾತ್ರೆಯನ್ನು ಎತ್ತರಕ್ಕೆ ಹಿಡಿದು ಒಳಗೆ ಹೋದರು.