ಕ್ಲಿಫರ್ಡನ ಬಾಯಲ್ಲಿದ್ದ ಗುಟುಕು

ಹ್ಯಾಲಿಫ್ಯಾಕ್ಸ್‌ನ ನಮ್ಮ ಬೀದಿಯಲ್ಲಿ ಕ್ಲಿಫರ್ಡ್ ಮನೆಯಲ್ಲೇ ಮಾಡುತ್ತಿದ್ದ ಬಿಯರ್ ಕುಡಿಯದವರಿರಲಿಲ್ಲ, ಸ್ವತಃ ಕ್ಲಿಫರ್ಡ್ ಒಬ್ಬನನ್ನು ಬಿಟ್ಟು. ಒಂದು ಹನಿ ಮದ್ಯವೂ ಗಂಟಲಿಳಿಯುವುದಿಲ್ಲ ಎಂದು ಮದುವೆಯ ದಿನ ಹೆಂಡತಿ ವಿನಿಗೆ ಮಾತು ಕೊಟ್ಟಿದ್ದ. ಅವಳು ಮದ್ಯ ಮುಟ್ಟದ ಮೆಥಡಿಸ್ಟ್ ಕ್ರೈಸ್ತರ ಮನೆಯ ಮಗಳು. ಪಕ್ಕದ ಮನೆಯ ನಾನು ಅಂಥ ಮಾತು ಕೊಡುವ ತಪ್ಪನ್ನು ಯಾವತ್ತೂ ಮಾಡಿದವನಲ್ಲ.

"ಬಿಯರ್ ಮಾಡ್ಬೇಡ ಅಂತ ಬೈಬಲ್ಲಲ್ಲಿ ಎಲ್ಲೂ ಇಲ್ಲ," ಎನ್ನುತ್ತಿದ್ದ ಕ್ಲಿಫರ್ಡ್. ವಿನಿ ಒಪ್ಪಿದ್ದಳು, ಆದರೆ ಕಾವಲು ಬಿಡಲಿಲ್ಲ. ಬಾಟಲಿಗೆ ತುಂಬುವ ಮುಂಚೆ ತಳದ ಗಷ್ಟು ಕದಡದ ಹಾಗೆ ತಿಳಿಯನ್ನಷ್ಟೇ ಇಳಿಸಬೇಕಲ್ಲ? ಮೇಜಿನ ಮೇಲಿನ ಗಾಜಿನ ಜಾಡಿಗೆ ರಬ್ಬರ್ ಕೊಳವೆ ಇಳಿಬಿಟ್ಟು, ಇನ್ನೊಂದು ತುದಿಯನ್ನು ಬಾಯಲ್ಲಿ ಹೀರಿ, ಬಿಯರ್ ಹರಿಯಲು ಶುರುವಾದೊಡನೆ ಕೆಳಗಿನ ಬಕೆಟ್ಟಿಗೆ ಬಿಡುತ್ತಿದ್ದ. ಬಾಯಿಗೆ ಬಂದ ಗುಟುಕನ್ನು ಉಗಿಯಲು ವಿನಿ ಬೋಗುಣಿ ಹಿಡಿದು ನಿಲ್ಲುತ್ತಿದ್ದಳು. ಕಣ್ಣು ಮಾತ್ರ ಅವನ ಗಂಟಲ ಮೇಲೆ.

ಆ ಶನಿವಾರ ನಾನೂ ಅವರ ಅಡುಗೆಮನೆಯಲ್ಲೇ ಕೂತಿದ್ದೆ. ಅವನು ಹೀರಿದ್ದೇ ತಡ, ಬಾಗಿಲ ಗಂಟೆ ಸದ್ದು ಮಾಡಿತು. ವಿನಿ ಬೋಗುಣಿ ಹಿಡಿದೇ ಓಡಿದಳು. ಹಿಂದಿರುಗಿ ಬಂದಾಗ ಜೊತೆಗೆ ಹೊಸ ಪಾದ್ರಿ ಪೆಂಗೆಲ್ಲಿ ಇದ್ದರು. ಬೋಗುಣಿಯನ್ನು ನಾಚಿಕೆಯಿಂದ ಎಲ್ಲೋ ಬಚ್ಚಿಟ್ಟು ಬಂದಿದ್ದಳು.

"ಇವ್ರೇನಾ ಆ ಮಹಾನುಭಾವ್ರು? ಬೀದಿಗೆಲ್ಲ ಬಿಯರ್ ಮಾಡ್ಕೊಟ್ಟೂ ಮೂವತ್ತೊಂದು ವರ್ಷದಿಂದ ತಾವು ಒಂದ್ ತೊಟ್ಟೂ ಕುಡಿದಿಲ್ವಂತೆ! ನಾಳೆ ಚರ್ಚ್ ಪ್ರಸಂಗದಲ್ಲಿ ನಿಮ್ಮ ವಿಷ್ಯಾನೇ ಹೇಳೋಣ ಅಂತಿದೀನಿ."

ಕ್ಲಿಫರ್ಡ್ ಕೆನ್ನೆ ಉಬ್ಬಿಸಿಕೊಂಡು ತಲೆಯಾಡಿಸಿದ. ಒಂದು ಕೈ ಜಾಡಿಯೊಳಗಿನ ಕೊಳವೆಯನ್ನು ಗಷ್ಟಿಗಿಂತ ಮೇಲೆ ಹಿಡಿದಿತ್ತು, ಇನ್ನೊಂದು ಬಕೆಟ್ಟಿಗೆ ಇಳಿಬಿಟ್ಟ ಅದರ ತುದಿಯನ್ನು. ಪಾದ್ರಿಗಳ ಎದುರು ನೆಲಕ್ಕೆ ಉಗಿದರೆ ವಿನಿಯ ಮಾನ ಹೋಗುತ್ತದೆ, ನುಂಗಿದರೆ ಕೊಟ್ಟ ಮಾತು. ನಾನು ಒಂದು ಲೋಟವಾದರೂ ಕೊಡಬಹುದಿತ್ತು. ಕೊಡಲಿಲ್ಲ. ಇಂಥ ನಾಟಕ ಬಿಟ್ಟಿ ಸಿಗುವುದು ಅಪರೂಪ.

"ಎಷ್ಟು ವಿನಯ, ಮಾತೇ ಆಡಲ್ಲ!" ಎಂದು ಮೆಚ್ಚಿ ಪಾದ್ರಿಗಳು ಪ್ರಾರ್ಥನೆ ಶುರು ಮಾಡಿದರು. ಅದು ಗದ್ದೆ, ಗಿರಣಿ, ರಾಣಿ, ಆಫ್ರಿಕಾ ಎಲ್ಲವನ್ನೂ ಸುತ್ತಿ ಬಂತು. ಕ್ಲಿಫರ್ಡನ ಮುಖ ಕೆಂಪಗಾಗಿ, ಕಣ್ಣಿಂದ ನೀರು ಇಳಿಯಿತು. ಗಂಟಲು ಮಾತ್ರ ಅಲುಗಲಿಲ್ಲ. ನಗುತ್ತಿದ್ದ ನನಗೆ ಅದನ್ನು ನೋಡಿ ನಾಚಿಕೆಯಾಯಿತು.

ಕೊನೆಗೂ ಮುಗಿಯಿತು. ಕ್ಲಿಫರ್ಡ್ ಒಬ್ಬನನ್ನು ಬಿಟ್ಟು ಎಲ್ಲರೂ ಆಮೆನ್ ಎಂದೆವು. ಪಾದ್ರಿಗಳು ಅವನನ್ನೇ ನೋಡುತ್ತ ಕಾದರು.

"ನುಂಗು, ಕ್ಲಿಫ್," ಎಂದಳು ವಿನಿ.

ಅವನು ಆಗದು ಎಂದು ತಲೆಯಲ್ಲಾಡಿಸಿದ.

"ನಾನೇ ಹೇಳ್ತಿದೀನಲ್ಲ ಮಾರಾಯ, ನುಂಗು!"

ಅವಳ ಮುಖವನ್ನೇ ನೋಡುತ್ತ ನುಂಗಿದ. ಆ ಸದ್ದು ಅಡುಗೆಮನೆಗೆಲ್ಲ ಕೇಳಿಸಿತು.

"ಆಮೆನ್," ಎಂದ. ಬಾಯಿಂದ ಬಿಯರ್ ವಾಸನೆ ಘಮ್ಮೆಂದಿತು.

ಪಾದ್ರಿಗಳು ಬಾಯಿ ತೆರೆದರು. ವಿನಿ ಅವರ ಟೋಪಿಯನ್ನು ತಂದು ಕೈಗಿತ್ತಳು.

"ನಾಳೆ ಪ್ರಸಂಗಕ್ಕೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ ಪಾದ್ರಿಗಳೇ. ನನ್ನ ಗಂಡನಿಗೆ ಬಾಯಾರಿಕೆ ಆಗಿತ್ತು."