ನೀಲಾಂಬಿಕಾ ಅಕ್ಕೋರ ದನಿ

ನಿಗಡಿಯ ನಮ್ಮ ಕನ್ನಡ ಶಾಲೆಯಲ್ಲಿ ನೀಲಾಂಬಿಕಾ ಅಕ್ಕೋರು ಕಥೆ ಹೇಳಲು ನಿಂತರೆ ಪಕ್ಕದ ವರ್ಗದಲ್ಲಿ ಗಣಿತ ಕಲಿಸುವ ನನ್ನ ಲೆಕ್ಕ ತಪ್ಪುತ್ತಿತ್ತು. ಭೋಸರಿಯ ಕಾರ್ಖಾನೆಗಳಲ್ಲಿ ಯಂತ್ರಗಳ ನಡುವೆ ದುಡಿದು ಬರುವ ಪಾಲಕರೂ ಅವರ ಎದುರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಕೊನೆಗೆ ನಾನೇ ಹೆಡ್‌ಮಾಸ್ತರರ ಬೆನ್ನು ಹತ್ತಿ, ಅವರ ವರ್ಗದ ಮಕ್ಕಳಿಗೆಲ್ಲ ಟ್ಯಾಬು, ಹೆಡ್‌ಫೋನು ತರಿಸಿದೆ. ಮಕ್ಕಳ ಹಿತಕ್ಕೆ ಅಂತ ಹೇಳಿದೆ, ಅನ್ನಿ.

ಅಕ್ಕೋರು ಸಿಟ್ಟಾಗಲಿಲ್ಲ. ಕಥೆಗಳನ್ನೆಲ್ಲ ತಾವೇ ಓದಿ, ರೆಕಾರ್ಡ್ ಮಾಡಿ, ಟ್ಯಾಬಿಗೆ ಹಾಕಿದರು. ವೈರುಗಳ ಗಂಟು ಬಿಡಿಸಿ, ಕಿವಿಯ ಮೆತ್ತೆ ಒರೆಸಿ, ಒಬ್ಬೊಬ್ಬರಿಗೇ ತೊಡಿಸಿ, ಬಾಯಿ ಮುಚ್ಚಿ ಕುಳಿತರು.

ನಾನು ನೆಮ್ಮದಿಯಿಂದ ಬೋರ್ಡಿನ ಮೇಲೆ ಭಾಗಾಕಾರ ಬರೆಯತೊಡಗಿದೆ. ಅಷ್ಟರಲ್ಲಿ ಗೋಡೆಯಾಚೆ ಒಬ್ಬಳು ಕಿರುಚಿದಳು: "ಅಕ್ಕೋರ, ಹುಲಿ ಬಂತ್ರೀ!"

ಕಿವಿ ಮುಚ್ಚಿದವರಿಗೆ ತಮ್ಮ ದನಿ ಎಷ್ಟು ಜೋರೆಂದು ತಮಗೇ ತಿಳಿಯುವುದಿಲ್ಲವಲ್ಲ. "ನನ್ನ ಟ್ಯಾಬಿನ್ಯಾಗ ಇನ್ನೂ ಬಂದಿಲ್ರೀ!" ಎಂದು ಇನ್ನೊಬ್ಬ ಗರ್ಜಿಸಿದ. ನೋಡನೋಡುತ್ತ ಇಡೀ ವರ್ಗವೇ ಹುಲಿಯ ಸುದ್ದಿ ಕೂಗತೊಡಗಿತು, ಥೇಟ್ ಅಕ್ಕೋರ ದನಿಯಲ್ಲಿ.

ಸಿಟ್ಟಿನಿಂದ ದಡದಡ ಹೋಗಿ ಬಾಗಿಲಲ್ಲಿ ನಿಂತೆ. ಅಕ್ಕೋರು ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದರು:

"ಮೆಲ್ಲಕ ಬರ್ರಿ ಸರ್, ಹುಡುಗ್ರು ಕಥಿ ಕೇಳಾಕತ್ತಾರ."